ಸೋಪಿಗೆ ಪುರಾವೆ ಹುಡುಕಿದ ಮನೆ

ನನ್ನ ಮೊದಲ ಕೆಲಸಕ್ಕಿಂತ ಅದೇನೆಂದು ನೆಂಟರಿಗೆ ವಿವರಿಸುವ ಕೆಲಸವೇ ದೊಡ್ಡದಾಗಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಬ್ಯಾಂಕಿನ ಪರೀಕ್ಷೆಗಳನ್ನು ಬರೆದು ಬರೆದು ಬೇಸತ್ತು, ಕೊನೆಗೆ ಬಸವನಗುಡಿಯ ಒಂದು ಮನೆಯಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಿಕೊಂಡಿದ್ದೆ. ಚಾಮರಾಜಪೇಟೆಯ ನಮ್ಮ ಮನೆಗೆ ಯಾರೇ ಬಂದರೂ ಅಮ್ಮ ನನ್ನನ್ನು ಹಾಲ್‌ಗೆ ಕರೆದು, "ನಂಗೆ ಹೇಳಕ್ಕೆ ಬರಲ್ಲ, ನೀನೇ ಹೇಳು" ಎಂದು ನಿಲ್ಲಿಸುತ್ತಿದ್ದಳು.

"ಏನು ಸಂಶೋಧನೆ ಮಾಡ್ತೀಯಮ್ಮ?" ಎಂದು ಒಮ್ಮೆ ಚಿಕ್ಕಪ್ಪ ಕೇಳಿದರು.

"ಬೇರೆಯವರು ಮಾಡಿರೋ ಸಂಶೋಧನೆಗಳನ್ನೆಲ್ಲ ಒಟ್ಟುಹಾಕಿ ಓದ್ತೀವಿ."

"ಸರಿ. ಓದಿ?"

"ಯಾವುದನ್ನ ನಂಬಬಹುದು, ಯಾವುದನ್ನ ನಂಬಕ್ಕಾಗಲ್ಲ ಅಂತ ವಿಂಗಡಿಸ್ತೀವಿ."

"ಅಂದ್ರೆ ನೀವೇನೂ ಮಾಡಲ್ಲ."

ಚಿಕ್ಕಪ್ಪ ಜೀವನವಿಡೀ ಸರ್ಕಾರಿ ಕಚೇರಿಯಲ್ಲಿ ಬೇರೆಯವರು ಬರೆದ ಟಿಪ್ಪಣಿಯ ಕೆಳಗೆ ಸಹಿ ಹಾಕಿದವರು. ಅವರ ಬಾಯಿಂದ ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ನಾನು ಕೆಲಸಕ್ಕೆ ಹೋಗುತ್ತಿದ್ದ ಮನೆ ಗಾಂಧಿ ಬಜಾರಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿತ್ತು. ಮನೆಯೂ ಅದೇ, ಸಂಸ್ಥೆಯೂ ಅದೇ. ಯಜಮಾನರು ಒಬ್ಬ ಡಾಕ್ಟರು. ಮೆಡಿಕಲ್ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯದ ಪಾಠ ಹೇಳಿ ನಿವೃತ್ತರಾದವರು. ನೆಗಡಿಗೆ ಮಾತ್ರೆ ಕೇಳಿಕೊಂಡು ಬಂದ ಪಕ್ಕದ ಮನೆಯವರನ್ನು, "ಒಬ್ಬೊಬ್ಬರಿಗೇ ಔಷಧಿ ಕೊಡೋದು ನನ್ನ ಕೆಲಸ ಅಲ್ಲ" ಎಂದು ವಾಪಸ್ ಕಳಿಸುವಂಥ ಡಾಕ್ಟರು. ಇಡೀ ಊರಿಗೆ ಒಟ್ಟಿಗೆ ನೆಗಡಿಯಾದರೆ ಮಾತ್ರ ಅವರಿಗೆ ಆಸಕ್ತಿ.

ಪೇಟೆಯ ಕಡೆ ಅವರನ್ನು ಸೋಪ್ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣವಿತ್ತು. ಅವರಿನ್ನೂ ಚಿಕ್ಕ ವಯಸ್ಸಿನ ಲೆಕ್ಚರರ್ ಆಗಿದ್ದಾಗ, ಮಕ್ಕಳು ಮಧ್ಯಾಹ್ನದ ಡಬ್ಬಿ ಬಿಚ್ಚುವ ಮುಂಚೆ ಸೋಪು ಹಾಕಿ ಕೈ ತೊಳೆದರೆ ಭೇದಿ ಕಡಿಮೆಯಾಗುತ್ತದೆಂದು ಅಲ್ಲಿನ ಶಾಲೆಗಳಲ್ಲಿ ಒಂದು ಅಧ್ಯಯನ ಮಾಡಿದ್ದರಂತೆ. ಅದನ್ನು ನೋಡಿ ಅಕ್ಕಿಪೇಟೆಯ ಒಂದು ಹಳೆಯ ವ್ಯಾಪಾರಿ ಮನೆತನದ ಟ್ರಸ್ಟು ಆ ಶಾಲೆಗಳಿಗೆಲ್ಲ ಸೋಪು ಕೊಡಲು ಶುರು ಮಾಡಿತು. ಕೊಡುತ್ತಲೇ ಬಂತು. ಈಗ ಟ್ರಸ್ಟಿಗೆ ಹೊಸ ಕಾರ್ಯದರ್ಶಿ ಬಂದಿದ್ದರು, ಮ್ಯಾನೇಜ್‌ಮೆಂಟ್ ಓದಿದವರು. "ಇದರಿಂದ ಉಪಯೋಗ ಇದೆ ಅನ್ನೋದಕ್ಕೆ ಪುರಾವೆ ಏನು?" ಎಂದು ಅವರು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಮೈಮೇಲೆ ಎರಗುತ್ತಿದ್ದರು. ನಮ್ಮ ಡಾಕ್ಟರು ಖುಷಿಯಾಗಿಬಿಟ್ಟರು. ಜೀವನದಲ್ಲಿ ಮೊದಲ ಸಲ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದಾರೆ, ಸರಿಯಾಗಿ ಉತ್ತರ ಹುಡುಕೋಣ ಎಂದರು. ಜಗತ್ತಿನಲ್ಲಿ ಈ ಬಗ್ಗೆ ನಡೆದಿರುವ ಅಧ್ಯಯನಗಳನ್ನೆಲ್ಲ ತರಿಸಿ, ಓದಿ, ಜರಡಿ ಹಿಡಿದು, ಉಳಿದದ್ದು ಏನು ಹೇಳುತ್ತದೋ ಅದೇ ನಮ್ಮ ವರದಿ. ಅದು ಸೋಪಿನ ವಿರುದ್ಧ ಹೋದರೆ ತಮ್ಮ ಬದುಕಿನ ದೊಡ್ಡ ಕೆಲಸಕ್ಕೆ ತಾವೇ ತಿಥಿ ಮಾಡಿದಂತಾಗುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಅಷ್ಟೊಂದು ಉತ್ಸಾಹ ಅವರಿಗೆ ಎಲ್ಲಿಂದ ಬಂತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಓದುವವರು ಇಬ್ಬರು. ನಾನು, ಮತ್ತೆ ಮತ್ತಿಕೆರೆಯ ಲಾಡ್ಜೊಂದರಲ್ಲಿ ಇದ್ದುಕೊಂಡು ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಒಬ್ಬ ಹುಬ್ಬಳ್ಳಿ ಕಡೆಯ ಹುಡುಗ. ವೈದ್ಯಕೀಯ ಓದಿ, ರೋಗಿಗಳನ್ನು ಕಂಡರೆ ಆಗದೆ ಈ ಕಡೆ ಬಂದವನು. ಬೆಂಗಳೂರಿಗೆ ಬಂದ ಸ್ವಲ್ಪ ದಿನಕ್ಕೇ ಎಲ್ಲರನ್ನೂ ಗುರು ಎನ್ನಲು ಕಲಿತಿದ್ದ, ನನ್ನನ್ನೂ ಸೇರಿಸಿ. ಪ್ರತಿ ಲೇಖನವನ್ನೂ ನಾವಿಬ್ಬರೂ ಬೇರೆ ಬೇರೆ ಓದಬೇಕು, ಬೇರೆ ಬೇರೆ ತೀರ್ಮಾನ ಬರೆಯಬೇಕು, ಬರೆದುಕೊಡುವವರೆಗೆ ಒಬ್ಬರೊಂದಿಗೆ ಒಬ್ಬರು ಅದರ ಸುದ್ದಿ ಎತ್ತಬಾರದು. ಒಬ್ಬರ ಅಭಿಪ್ರಾಯದ ಗಾಳಿ ಇನ್ನೊಬ್ಬರಿಗೆ ಸೋಕಿದರೆ ಎರಡು ಓದು ಒಂದೇ ಓದಾಗಿಬಿಡುತ್ತದೆ. ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಬಂದರೆ ಡಾಕ್ಟರು ಮೂರನೆಯವರಾಗಿ ಕೂತು ತೀರ್ಪು ಕೊಡಬೇಕು. ಇದೆಲ್ಲ ಪ್ರಪಂಚದಾದ್ಯಂತ ಇರುವ ಪದ್ಧತಿ. ಆದರೆ ನಮ್ಮ ಡಾಕ್ಟರು ಅದನ್ನು ಮಡಿಯ ಮಟ್ಟಕ್ಕೆ ಒಯ್ದಿದ್ದರು. ನನ್ನನ್ನು ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ, ಅವನನ್ನು ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ಕೂರಿಸಿ, ನಡುವೆ ಹಾಲ್‌ನಲ್ಲಿ ತಾವು ಕಾವಲು ಕೂತಿರುತ್ತಿದ್ದರು. ಮಧ್ಯಾಹ್ನ ಡಬ್ಬಿ ತಿನ್ನುವಾಗ ನಾವು ಬಸ್ಸಿನ ವಿಷಯ, ಸಿನಿಮಾ ವಿಷಯ ಮಾತ್ರ ಆಡಬಹುದಿತ್ತು.

"ಇವರ ಅಮ್ಮ ಇದ್ದಾಗ್ಲೂ ಈ ಮನೇಲಿ ಇಷ್ಟು ಮಡಿ ಇರ್ಲಿಲ್ಲ" ಎಂದು ಡಾಕ್ಟರ ಹೆಂಡತಿ ಕಾಫಿ ತಂದಿಡುವಾಗ ಹೇಳುತ್ತಿದ್ದರು. ನಾವು ಅವರನ್ನು ಆಂಟಿ ಎನ್ನುತ್ತಿದ್ದೆವು. ಆಂಟಿಗೆ ಮಾತ್ರ ಉಗ್ರಾಣಕ್ಕೂ ಶೆಡ್ಡಿಗೂ ಓಡಾಡಲು ಅನುಮತಿಯಿತ್ತು.

ಇನ್ನೊಂದು ನಿಯಮವೂ ಇತ್ತು. ಲೇಖಕರ ಹೆಸರು, ಊರು, ಕಾಲೇಜು, ಪತ್ರಿಕೆಯ ಹೆಸರು ಎಲ್ಲದರ ಮೇಲೂ ಡಾಕ್ಟರು ಸ್ವತಃ ಕಪ್ಪು ಇಂಕು ಬಳಿದು, ಅದರ ಜೆರಾಕ್ಸ್ ಮಾಡಿಸಿ ನಮಗೆ ಕೊಡುತ್ತಿದ್ದರು. ಯಾರು ಬರೆದದ್ದೆಂದು ತಿಳಿದರೆ ಏನು ಬರೆದಿದ್ದಾರೆಂದು ಕಾಣುವುದಿಲ್ಲ ಎನ್ನುವುದು ಅವರ ವಾದ. ಯಾರನ್ನು ಪರಿಚಯ ಮಾಡಿಕೊಂಡರೂ ಯಾರ ಮಗಳು, ಯಾವ ರಸ್ತೆ, ಅವರ ಸೋದರಮಾವ ನಮಗೆ ಹೇಗೆ ಸಂಬಂಧ ಎಂದು ವಿಚಾರಿಸಿದ ಮೇಲೆಯೇ ಮಾತಿಗೆ ಕೂರುವ ಬಸವನಗುಡಿಯಲ್ಲಿ ಒಬ್ಬರು ಇಂಥ ನಿಯಮ ಮಾಡಿದ್ದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ.

ಓದುತ್ತ ಹೋದಂತೆ ನಾನು ಸಂಶಯಪಿಶಾಚಿಯಾದೆ. ನೀವು ಕೈ ತೊಳೆಯುತ್ತೀರಾ ಎಂದು ಜನರನ್ನೇ ಕೇಳಿ, ಹೌದು ಎಂದವರನ್ನೆಲ್ಲ ತೊಳೆದವರ ಲೆಕ್ಕಕ್ಕೆ ಹಾಕಿದ ಲೇಖನಗಳು. ಮಳೆಗಾಲದಲ್ಲಿ ಶುರು ಮಾಡಿ, ಬೇಸಿಗೆಯಲ್ಲಿ ಮುಗಿಸಿ, ಭೇದಿ ಇಳಿದದ್ದು ಸೋಪಿನಿಂದಲೇ ಎಂದು ಬೀಗಿದವು. ಹೋಲಿಸಿ ನೋಡಲು ಇನ್ನೊಂದು ಗುಂಪೇ ಇಲ್ಲದವು. ಸಂಜೆ ಮನೆಗೆ ಬಂದರೆ ಅಮ್ಮ, "ಕಷಾಯ ಕುಡಿದೆ, ಶೀತ ಬಿಟ್ಟೋಯ್ತು" ಎನ್ನುವಳು. "ಕುಡೀದೇ ಇದ್ರೂ ಬಿಡ್ತಿತ್ತೇನೋ" ಎನ್ನುತ್ತಿದ್ದೆ. ಕೆಲವು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು.

ಹೀಗಿರುವಾಗ ಒಂದು ದಿನ ಹಳೆಯ ಟೈಪಿನ ಒಂದು ಲೇಖನ ನನ್ನ ಮೇಜಿಗೆ ಬಂತು. ಯಾವುದೋ ಊರಿನ ಶಾಲೆಗಳಲ್ಲಿ ಸೋಪು ಕೊಟ್ಟು ನೋಡಿದ್ದು. ಒಪ್ಪಿದ ಶಾಲೆಗಳಿಗೆ ಕೊಟ್ಟಿದ್ದರು, ಒಪ್ಪದ ಶಾಲೆಗಳನ್ನು ಹೋಲಿಕೆಗೆ ಇಟ್ಟುಕೊಂಡಿದ್ದರು. ಅದು ದೋಷವೇ. ಆದರೆ ಎರಡೂ ಕಡೆ ಮೊದಲೂ ಆಮೇಲೂ ಎಣಿಸಿದ್ದರು, ತಮ್ಮ ಲೋಪಗಳನ್ನು ಮುಚ್ಚಿಡದೆ ಬರೆದಿದ್ದರು. ಆ ಕಾಲಕ್ಕೆ ಅಷ್ಟು ಪ್ರಾಮಾಣಿಕವಾಗಿ ಬರೆದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ದೋಷಗಳನ್ನು ಗುರುತು ಹಾಕಿ, ಎಚ್ಚರಿಕೆಯಿಂದ ಸೇರಿಸಿಕೊಳ್ಳಬಹುದು ಎಂದು ಬರೆದುಕೊಟ್ಟೆ. ನಮ್ಮ ನಿಯಮಗಳಲ್ಲಿ ಅದಕ್ಕೆ ಜಾಗವಿತ್ತು.

ಬರೆದುಕೊಟ್ಟ ಮೇಲೆ ಆಂಟಿ ಕಾಫಿ ತಂದರು. ಲೇಖನದ ಕೊನೆಯ ಪುಟ ತೆರೆದುಕೊಂಡಿತ್ತು. ಅದರಲ್ಲಿ ಒಂದು ಮಸುಕು ಫೋಟೋ: ಸಾಲಾಗಿ ನಿಂತ ಮಕ್ಕಳು ಕೈ ಚಾಚಿದ್ದಾರೆ, ಒಂದು ಹೆಣ್ಣು ಕೈ ಚೊಂಬಿನಿಂದ ನೀರು ಹಾಕುತ್ತಿದೆ. ಮುಖ ಕಾಣುವುದಿಲ್ಲ. ಆಂಟಿ ಲೋಟ ಇಟ್ಟು ಬಗ್ಗಿ ನೋಡಿದರು.

"ಅಯ್ಯೋ, ಇದು ನನ್ನ ಕೈ ಕಣೇ" ಎಂದರು. "ನೋಡು, ಕಿರುಬೆರಳು."

ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಅವರ ಕಿರುಬೆರಳನ್ನು ನಾನು ದಿನವೂ ಕಾಫಿ ಲೋಟದ ಪಕ್ಕ ನೋಡುತ್ತಿದ್ದೆ. ಫೋಟೋದಲ್ಲೂ ಅದೇ ಬೆರಳು. ಆಂಟಿ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಪೇಟೆಯ ಶಾಲೆಗಳಿಗೆ ಹೋಗಿ ಸೋಪು ಹಂಚಿದ್ದನ್ನು, ಮನೆಮನೆಗೆ ಹೋಗಿ ತಾಯಂದಿರನ್ನು ಮಾತಾಡಿಸಿದ್ದನ್ನು ಹೇಳತೊಡಗಿದರು. ಅವರ ಮುಖ ಅರಳಿತ್ತು. ನಾನು ಕಾಫಿ ಲೋಟ ಕೆಳಗಿಟ್ಟೆ. ಡಾಕ್ಟರು ತಮ್ಮ ಹೆಸರಿಗೂ ತಾವೇ ಇಂಕು ಬಳಿದು ರಾಶಿಯಲ್ಲಿ ಸೇರಿಸಿ ನಮ್ಮ ಕೈಗೆ ಕೊಟ್ಟಿದ್ದರು. ತಮ್ಮದನ್ನೂ ಜರಡಿಗೆ ಹಾಕುತ್ತಾರೆಂದು ನಾವಿಬ್ಬರೂ ಎಣಿಸಿರಲಿಲ್ಲ. ಫೋಟೋದ ಮೇಲೆ ಬಳಿಯಬೇಕೆಂದು ಮಾತ್ರ ತೋಚಿರಲಿಲ್ಲ.

ಕಾರ್ ಶೆಡ್ಡಿನ ಹುಡುಗ ಅದೇ ಲೇಖನವನ್ನು ಬಿಸಾಕಬೇಕೆಂದು ಬರೆದಿದ್ದ. ಅಲ್ಲಿಗೆ ಭಿನ್ನಾಭಿಪ್ರಾಯ. ಲೇಖನ ಮೂರನೆಯವರ ಮುಂದೆ ಹೋಯಿತು. ತಮ್ಮ ಬರಹಕ್ಕೆ ತಾವೇ ತೀರ್ಪು ಕೊಡಬಾರದು ಎನ್ನುವುದು ಈ ವೃತ್ತಿಯಲ್ಲಿ ಮಗುವಿಗೂ ಗೊತ್ತಿರುವ ನಿಯಮ. ಹೊರಗಿನ ಯಾರಾದರೊಬ್ಬರಿಗೆ ಕಳಿಸಬಹುದಿತ್ತು. ಆದರೆ ಕಳಿಸಿದರೆ, ಇದು ನನ್ನದು, ಆದ್ದರಿಂದ ಕಳಿಸುತ್ತಿದ್ದೇನೆ ಎಂದು ನಮ್ಮಿಬ್ಬರಿಗೂ ಹೇಳಬೇಕಾಗುತ್ತಿತ್ತು. ಹೇಳಿದರೆ ನಾವು ದಾಕ್ಷಿಣ್ಯಕ್ಕೆ ಸಿಕ್ಕಿಬೀಳುತ್ತೇವೆ. ಒಂದು ಮಡಿ ಉಳಿಸಲು ಹೋಗಿ ಇನ್ನೊಂದು ಮಡಿ ಮುರಿದರು.

ಒಂದು ವಾರವಿಡೀ ಅವರು ಎಲ್ಲರ ಮೇಲೂ ಸಿಡಿಮಿಡಿ ಎಂದರು. ಹಾಲಿನವನ ಜೊತೆ, ಪೇಪರಿನವನ ಜೊತೆ ಜಗಳವಾಡಿದರು. ಆಮೇಲೆ ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಹಾಲ್‌ಗೆ ಕರೆದರು.

"ನೀನು ಯಾಕೆ ಬೇಡ ಅಂದೆ?" ಎಂದು ಹುಡುಗನನ್ನು ಕೇಳಿದರು.

ಅವನಿಗೆ ಏನೂ ಗೊತ್ತಿರಲಿಲ್ಲ. ಉತ್ಸಾಹದಿಂದ ಶುರು ಮಾಡಿದ. "ಸಾರ್, ಈ ಆಸಾಮಿ ಸೋಪಿನ ಮೇಲೆ ಲವ್ವಾದೋನ ಥರ ಬರ್ದಿದಾನೆ. ಮೊದಲೇ ತೀರ್ಮಾನ ಮಾಡ್ಕೊಂಡು ಆಮೇಲೆ ಎಣಿಸಕ್ಕೆ ಹೋಗಿದಾನೆ."

ನಾನು ನೆಲ ನೋಡುತ್ತಿದ್ದೆ. ಡಾಕ್ಟರು ತಲೆಯಾಡಿಸಿ ನನ್ನ ಕಡೆ ತಿರುಗಿದರು. ನಾನು ನನ್ನ ವಾದ ಹೇಳಿದೆ. ಲೋಪಗಳನ್ನು ಅವರೇ ಒಪ್ಪಿಕೊಂಡಿದ್ದಾರೆ, ಇಂಥ ಇಕ್ಕಟ್ಟಿನ ಪೇಟೆಯ ಶಾಲೆಗಳ ಬಗ್ಗೆ ನಮಗೆ ಬೇರೆ ಮಾಹಿತಿ ಸಿಕ್ಕಿಲ್ಲ, ಇದಕ್ಕಿಂತ ದುರ್ಬಲವಾದದ್ದನ್ನು ನಾವಾಗಲೇ ಒಳಗೆ ಬಿಟ್ಟಿದ್ದೇವೆ ಎಂದೆ. ನಾನು ಹೇಳಿದ್ದೆಲ್ಲ ನಿಜವಿತ್ತು.

"ಒಪ್ಪಿದ ಹೆಡ್‌ಮಾಸ್ಟ್ರು ಮೊದ್ಲಿಂದ್ಲೂ ಶಿಸ್ತಿನೋನು" ಎಂದು ಡಾಕ್ಟರು ನನ್ನ ಮೇಲೆ ಬಿದ್ದರು. "ಅವನ ಶಾಲೇಲಿ ಕಕ್ಕಸು ಚೊಕ್ಕಟ, ನೀರಿನ ತೊಟ್ಟಿ ಚೊಕ್ಕಟ. ಭೇದಿ ಕಮ್ಮಿ ಆಗಿದ್ದು ಸೋಪಿಂದ್ಲೋ ಹೆಡ್‌ಮಾಸ್ಟ್ರಿಂದ್ಲೋ? ಹೇಳು."

"ಮೊದ್ಲೂ ಎಣಿಸಿದಾರಲ್ಲ ಸಾರ್, ಆವಾಗ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಇತ್ತಲ್ಲ."

"ಎಣಿಸಿದ್ದು ಯಾರು? ಸೋಪು ಕೊಟ್ಟ ಕೈಯೇ ಮನೆ ಬಾಗ್ಲಿಗೆ ಹೋಗಿ ಮಗು ಹೇಗಿದೆ ಅಂತ ಕೇಳಿದ್ರೆ ಯಾವ ತಾಯಿ ಚೆನ್ನಾಗಿಲ್ಲ ಅಂತಾಳೆ? ಮುಖ ನೋಡಿ ಹೇಳಿರ್ತಾರೆ. ಆ ಎಣಿಕೆಗೆ ಬೆಲೆ ಇಲ್ಲ."

ಅಡುಗೆಮನೆಯ ಬಾಗಿಲಲ್ಲಿ ಆಂಟಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಹೋದರು. ಆ ದಿನ ಯಾರಿಗೂ ಕಾಫಿ ಬರಲಿಲ್ಲ.

ಡಾಕ್ಟರು ಲೇಖನವನ್ನು ಹೊರಗಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದೇ ಲೇಖನ ಬೇರೆಯವರದ್ದಾಗಿದ್ದರೆ ಅವರು ನನ್ನ ಮಾತನ್ನು ಒಪ್ಪುತ್ತಿದ್ದರು, ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ. ತಮ್ಮ ಕಡೆ ವಾಲಿಬಿಡುತ್ತೇನೋ ಎಂಬ ಭಯದಲ್ಲಿ ಆಚೆ ಕಡೆಗೆ ವಾಲಿ ಬಿದ್ದಿದ್ದರು. ಪಕ್ಷಪಾತಕ್ಕೆ ಹೆದರಿ ಹೆದರಿ ತಮ್ಮ ವಿರುದ್ಧವೇ ಪಕ್ಷಪಾತ ಮಾಡುವುದು ಈ ಕಸುಬಿನವರಿಗೆ ಮಾತ್ರ ಸಾಧ್ಯ. ಬೇರೆ ಕಸುಬುಗಳಲ್ಲಿ ಜನ ಸುಖವಾಗಿ ತಮ್ಮವರನ್ನು ತಾವು ಹೊಗಳಿಕೊಂಡಿರುತ್ತಾರೆ.

ಕೊನೆಗೆ ವರದಿ ಸಿದ್ಧವಾಯಿತು. ಜರಡಿಯಲ್ಲಿ ಉಳಿದದ್ದು ಬೇರೆ ದೇಶಗಳ ಕೆಲವೇ ಲೇಖನಗಳು. ಅವು ಮನೆಗಳಲ್ಲಿ ಕೈ ತೊಳೆಯುವುದರ ಬಗ್ಗೆ ಚೆನ್ನಾಗಿಯೇ ಹೇಳುತ್ತಿದ್ದವು, ನಮ್ಮಂಥ ಶಾಲೆಗಳ ಬಗ್ಗೆ ಏನನ್ನೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. "ಸಾಕಷ್ಟು ಪುರಾವೆ ಇಲ್ಲ, ಹೆಚ್ಚಿನ ಸಂಶೋಧನೆ ಅಗತ್ಯ" ಎಂದು ಬರೆದೆವು. ನಮ್ಮ ಕಸುಬಿನಲ್ಲಿ ಮಂಗಳ ಹಾಡುವುದೇ ಹೀಗೆ.

ಟ್ರಸ್ಟಿನ ಸಭೆ ನಗರ್ತಪೇಟೆಯಲ್ಲಿ, ಅಂಗಡಿಯೊಂದರ ಮಹಡಿಯ ಮೇಲೆ. ಮೂವರೂ ಹೋದೆವು. ಎದುರಿಗೆ ವಯಸ್ಸಾದ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ, ಸುತ್ತ ನಾಲ್ಕಾರು ಸದಸ್ಯರು. ಕಾರ್ಯದರ್ಶಿ ವರದಿಯ ಕೊನೆಯ ಪುಟವನ್ನು ಮಾತ್ರ ಓದಿದ್ದರು.

"ಪುರಾವೆ ಇಲ್ಲ ಅಂದ್ರೆ ಸೋಪಿಂದ ಉಪಯೋಗ ಇಲ್ಲ ಅಂತ ತಾನೇ?"

"ಅಲ್ಲ" ಎಂದರು ಡಾಕ್ಟರು. "ಇದೆಯೋ ಇಲ್ವೋ ಗೊತ್ತಿಲ್ಲ ಅಂತ."

"ಗೊತ್ತಿಲ್ದೇ ಇರೋದನ್ನ ಯಾಕೆ ಮಾಡ್ಬೇಕು?"

ಅಧ್ಯಕ್ಷರು ಕನ್ನಡಕ ತೆಗೆದರು. "ನಿಮ್ಮದೇ ಒಂದು ಸ್ಟಡಿ ಇತ್ತಲ್ಲ ಡಾಕ್ಟ್ರೇ? ಅದನ್ನ ನೋಡೇ ಅಲ್ವೇ ನಮ್ಮ ತಂದೆಯವರು ಇದನ್ನ ಶುರು ಮಾಡಿದ್ದು?"

"ಅದನ್ನೂ ಓದಿದ್ವಿ. ತೆಗೆದುಹಾಕಿದ್ವಿ."

"ತೆಗೆದುಹಾಕಿದ್ದು ಯಾರು?"

"ನಾನೇ."

ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗ ನನ್ನ ಕಡೆ ತಿರುಗಿದ. ಆಸಾಮಿ ಯಾರೆಂದು ಅವನಿಗೆ ಆಗ ತಿಳಿಯಿತು. ಅವನ ಕಿವಿ ಕೆಂಪಾದದ್ದನ್ನು ಮೊದಲ ಸಲ ನೋಡಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಹಾಗಾದರೆ ಮುಂದಿನ ವರ್ಷದಿಂದ ಎಲ್ಲ ಶಾಲೆಗಳಲ್ಲೂ ಸೋಪು ನಿಲ್ಲಿಸೋಣ ಎಂದರು ಕಾರ್ಯದರ್ಶಿ. ಯಾರೂ ಬೇಡವೆನ್ನಲಿಲ್ಲ. ಡಾಕ್ಟರು ಕುಸಿದು ಕೂರುತ್ತಾರೆಂದುಕೊಂಡೆ. ಅವರು ಎದ್ದು ನಿಂತರು. ಅವರ ಕಣ್ಣಲ್ಲಿ ಅಂಥ ಹೊಳಪು ನಾನು ಕಂಡಿರಲಿಲ್ಲ.

"ಹೇಗೂ ನಿಲ್ಲಿಸ್ತೀರಿ. ಅರ್ಧ ಶಾಲೆಗಳಲ್ಲಿ ಮಾತ್ರ ನಿಲ್ಲಿಸಿ. ಯಾವ ಅರ್ಧ ಅಂತ ಚೀಟಿ ಎತ್ತೋಣ. ನಾನು ಆರಿಸಬಾರದು, ನೀವೂ ಆರಿಸಬಾರದು. ಎಣಿಸೋರಿಗೆ ಯಾವ ಶಾಲೇಲಿ ಸೋಪಿದೆ ಅಂತ ಗೊತ್ತಿರಬಾರದು. ಒಂದು ವರ್ಷ ನೋಡೋಣ. ಸೋಪು ಕೆಲಸ ಮಾಡತ್ತೋ ಇಲ್ವೋ ಗೊತ್ತಾಗೇ ಹೋಗತ್ತೆ. ನನಗೂ ವಯಸ್ಸಾಯ್ತು, ಇನ್ನೊಂದು ಅವಕಾಶ ಸಿಗಲ್ಲ."

ಅಧ್ಯಕ್ಷರ ಮುಖ ಬಿಳಿಚಿಕೊಂಡಿತು.

"ಮಕ್ಕಳ ಆರೋಗ್ಯಕ್ಕೆ ಚೀಟಿ ಎತ್ತೋದೇ?" ಎಂದರು. "ಒಂದಷ್ಟು ಮಕ್ಕಳಿಗೆ ಕೊಟ್ಟು, ಇನ್ನೊಂದಷ್ಟು ಮಕ್ಕಳಿಗೆ ಕೊಡದೆ, ಸುಮ್ನೆ ನೋಡ್ತಾ ಕೂರೋದೇ? ನಾವು ಮನುಷ್ಯರಲ್ವೇ ಡಾಕ್ಟ್ರೇ?"

ನನಗೆ ತಡೆಯಲಾಗಲಿಲ್ಲ. "ಯಾರಿಗೂ ಕೊಡದೇ ಇರೋದಕ್ಕೆ ಈಗ ತಾನೇ ಒಪ್ಪಿದ್ರಲ್ಲ ಸಾರ್?"

ಎಲ್ಲರೂ ನನ್ನನ್ನು ಕೆಟ್ಟ ಮಾತಾಡಿದವಳ ಹಾಗೆ ನೋಡಿದರು. ಒಬ್ಬರಂತೂ, ಯಾರಿಗೂ ಕೊಡದಿದ್ದರೆ ಭೇದ ಮಾಡಿದ ಹಾಗಾಗುವುದಿಲ್ಲ ಎಂದು ಸಮಾಧಾನವಾಗಿ ವಿವರಿಸಿದರು. ಆದರೂ ಚೀಟಿಯ ಮಾತು ಅಧ್ಯಕ್ಷರನ್ನು ಅಲುಗಾಡಿಸಿಬಿಟ್ಟಿತ್ತು. ಇಂಥ ಕ್ರೂರ ಕೆಲಸವಾಗುವುದು ಬೇಡ, ತಂದೆಯವರ ಕಾಲದಿಂದ ನಡೆದುಕೊಂಡು ಬಂದದ್ದು, ಎಲ್ಲ ಮಕ್ಕಳಿಗೂ ಮೊದಲಿನ ಹಾಗೆಯೇ ಕೊಡೋಣ ಎಂದರು. ಕಾರ್ಯದರ್ಶಿಯೂ ಒಪ್ಪಿದರು. ಬಾದಾಮಿ ಹಾಲು ಬಂತು. ನಾವು ಅಷ್ಟು ಕಾಲ ಉಗ್ರಾಣದಲ್ಲೂ ಶೆಡ್ಡಿನಲ್ಲೂ ಕೂತು ಬರೆದ ವರದಿಯ ಮೇಲೆ ಯಾರೋ ಲೋಟ ಇಟ್ಟರು.

"ಗೆದ್ವಿ ಗುರು" ಎಂದು ಹುಡುಗ ಮೆಟ್ಟಿಲಿಳಿಯುತ್ತ ನನಗೆ ಪಿಸುಗುಟ್ಟಿದ.

ಮನೆ ತಲುಪಿದಾಗ ಆಂಟಿ ಗೇಟಿನಲ್ಲೇ ಕಾಯುತ್ತಿದ್ದರು. ಹುಡುಗ ತನ್ನ ಪಾಪ ತೊಳೆದುಕೊಳ್ಳುವವನಂತೆ ಮುಂದೆ ಓಡಿ, "ಆಂಟಿ, ಸೋಪು ಉಳೀತು!" ಎಂದ. ಆಂಟಿಯ ಮುಖ ಬೆಳಗಿತು. ಆ ಮನೆಯಲ್ಲಿ ಎಷ್ಟೋ ದಿನಗಳ ನಂತರ ಅವರು ನಕ್ಕದ್ದು ನೋಡಿ ನನಗೂ ಹಗುರವಾಯಿತು. ಡಾಕ್ಟರು ಜಗಲಿಯ ಕುರ್ಚಿಯಲ್ಲಿ ಕೂತರು.

"ಉಳೀತು ಕಣೆ" ಎಂದರು. "ಆದ್ರೆ ಅಷ್ಟು ವರ್ಷ ನಾವು ಮಾಡಿದ್ರಿಂದ ಒಂದು ಮಗೂಗಾದ್ರೂ ಒಳ್ಳೇದಾಯ್ತೋ ಇಲ್ವೋ, ಅದು ಇನ್ನು ನಂಗೆ ಗೊತ್ತಾಗೋದೇ ಇಲ್ಲ."

"ಒಳ್ಳೇದಾಯ್ತು. ನಂಗೆ ಗೊತ್ತು" ಎಂದರು ಆಂಟಿ, ಅನುಮಾನದ ಎಳೆಯೂ ಇಲ್ಲದೆ.

ಡಾಕ್ಟರು ಹೆಂಡತಿಯ ಮುಖವನ್ನೇ ಬಹಳ ಹೊತ್ತು ನೋಡಿದರು. ಅವರು ಅಸೂಯೆಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಂಗೂ ನಿನ್ನ ಥರ ಗೊತ್ತಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದರು.